ಡ್ರಾ ಆದರೆ ಕಾಯಂ

ಸೋತವನನ್ನು ಸೋತನೆಂದೂ ಗೆದ್ದವನನ್ನು ಗೆದ್ದನೆಂದೂ ಒಂದೇ ಹೊಸ್ತಿಲಿನ ಹೊರಗೆ ನಿಲ್ಲಿಸಬಲ್ಲ ಸಭೆಗಳನ್ನು ಪಾಂಡುರಂಗರಾವ ಕುಲಕರ್ಣಿ ಮಾಸ್ತರರು ತಮ್ಮ ಆಯುಷ್ಯದಲ್ಲಿ ಎರಡು ಕಂಡಿದ್ದರು. ಒಂದು, ಅವರು ಗಣಿತ ಕಲಿಸಿದ ಹೈಸ್ಕೂಲಿನ ಆಡಳಿತ ಮಂಡಳಿ. ಇನ್ನೊಂದು, ಈಗ ಅವರೇ ಅಧ್ಯಕ್ಷರಾಗಿದ್ದ ಸಿಂದಗಿ ತರುಣ ಫುಟ್‌ಬಾಲ್ ಸಂಘ.

ಸಂಘಕ್ಕೆ ಸ್ವಂತ ಕಟ್ಟಡವಿಲ್ಲ. ಸಭೆ ನಡೆಯುವುದು ಮಾರುಕಟ್ಟೆಯಲ್ಲಿ, ಉಪಾಧ್ಯಕ್ಷ ಮಡಿವಾಳಪ್ಪನ ಅಡತಿ ಅಂಗಡಿಯ ಹಿಂಬದಿಯಲ್ಲಿ, ತೊಗರಿ ಚೀಲಗಳ ನಡುವೆ. ಅಲ್ಲಿ ಸಂಘದ ಕುರ್ಚಿಗಳು ನಾಲ್ಕು: ಅಧ್ಯಕ್ಷರದು, ಉಪಾಧ್ಯಕ್ಷನದು, ಕಾರ್ಯದರ್ಶಿಯಾದ ವಕೀಲ ಅರುಣಕುಮಾರನದು ಮತ್ತು ಕೋಚನದು. ನಾಲ್ಕನೆಯದು ಮಳೆಗಾಲದಿಂದ ಖಾಲಿ. ಅದರಲ್ಲಿ ಕೂಡುತ್ತಿದ್ದ ಕೊಲ್ಲಾಪುರದ ಕೋಚು ತಂಗಿಯ ಮದುವೆಗೆಂದು ಊರಿಗೆ ಹೋದವನು. ತಂಗಿ ಗಂಡನ ಮನೆಗೆ ಹೋಗಿ, ದೀಪಾವಳಿಗೆ ತವರಿಗೆ ತಿರುಗಿಯೂ ಬಂದಳಂತೆ. ಅಣ್ಣ ಮಾತ್ರ ಸಿಂದಗಿಗೆ ಬರಲಿಲ್ಲ. ಫೋನು ಮಾಡಿದಾಗಲೆಲ್ಲ ಹೊರಟೇ ಬಿಟ್ಟಿದ್ದೇನೆ ಎನ್ನುತ್ತಿದ್ದ.

ಅವನು ಬರುವ ತನಕ ಎಂದು ಮೈಬೂಬನನ್ನು ಪ್ರಭಾರಿ ಕೋಚನನ್ನಾಗಿ ಮಾಡಿದ್ದರು. ಮೈಬೂಬ ಸಾರಿಗೆ ಬಸ್ಸಿನ ಕಂಡಕ್ಟರ್, ಸಿಂದಗಿ ಡಿಪೋದವನು. ಒಂದು ಕಾಲದಲ್ಲಿ ಸಂಘದ ಬಲಗಡೆಯ ಆಟಗಾರ. ಈಗ ಹೊಟ್ಟೆ ಬಂದಿದೆ, ದನಿ ಮಾತ್ರ ಇಳಿದಿಲ್ಲ. ಸಭೆಗೆ ಬಂದರೆ ಅವನು ಖಾಲಿ ಕುರ್ಚಿಯ ಪಕ್ಕದ ತೊಗರಿ ಚೀಲದ ಮೇಲೆ ಕೂಡುತ್ತಿದ್ದ. ಪ್ರಭಾರಿಯಾದವನು ಕಾಯಂ ಮನುಷ್ಯನ ಕುರ್ಚಿಯಲ್ಲಿ ಕೂಡಬಾರದು ಎಂಬುದು ಈ ಸೀಮೆಯ ಕಚೇರಿಗಳಲ್ಲಿ ಯಾರೂ ಬರೆಯದ, ಯಾರೂ ಮುರಿಯದ ನಿಯಮ. ಕೆಲಸ ಅವನದು, ಬೈಗುಳ ಅವನದು, ಕುರ್ಚಿ ಮಾತ್ರ ಬಾರದಿರುವವನದು.

ಆ ನಿಯಮದ ರುಚಿ ಮಾಸ್ತರರಿಗೆ ಗೊತ್ತಿತ್ತು. ನಿವೃತ್ತರಾಗುವ ತನಕ ಅವರು ಪ್ರಭಾರಿ ಮುಖ್ಯೋಪಾಧ್ಯಾಯರಾಗಿದ್ದರು. ದೊಡ್ಡ ಕುರ್ಚಿಯ ಬಾಜೂ ಸಣ್ಣ ಕುರ್ಚಿ ಹಾಕಿಸಿಕೊಂಡು ಶಾಲೆ ನಡೆಸಿದರು. ಆ ಕೋಣೆಯ ಗೋಡೆಯ ಫಲಕದಲ್ಲಿ ಅವರಿಗಿಂತ ಮೊದಲಿನವರ ಹೆಸರಿದೆ, ನಂತರದವರ ಹೆಸರಿದೆ. ನಡುವಿನ ವರ್ಷಗಳಲ್ಲಿ ಶಾಲೆ ತನ್ನಷ್ಟಕ್ಕೆ ತಾನೇ ನಡೆಯಿತೆಂಬಂತೆ.

“ವಿಷಯಕ್ಕ ಬರೋಣು,” ಎಂದರು ಮಾಸ್ತರರು. “ಮೈಬೂಬನ್ನ ಕಾಯಂ ಮಾಡೂದು. ಈ ವಿಷಯ ಎಷ್ಟು ಸಲ ಬಂದದ ಅಂತ ನಾ ಎಣಿಸೂದು ಬಿಟ್ಟೀನಿ.”

“ಮಾಡೂಣ್ರಿ ಸರ, ಯಾರ್ ಬ್ಯಾಡಂದಾರ?” ಎಂದ ಮಡಿವಾಳಪ್ಪ. “ಆದ್ರ ಈಗ ಬ್ಯಾಡ್ರಿ.”

“ಮತ್ತ ಯಾವಾಗ?”

“ಈಗ ಗೆಲ್ಲಾಕತ್ತಾನಲ್ರಿ! ಓಡೋ ಕುದುರಿ ನಿಲ್ಲಿಸಿ ಯಾರರ ಲಾಳ ಬಡೀತಾರೇನ್ರಿ? ಕಾಯಂ ಆದ ಮನಶ್ಯಾ ಸಡಲ ಬೀಳ್ತಾನ. ನಮ್ಮ ಹಮಾಲನ್ನ ನೋಡ್ರಿ. ದಿನಗೂಲಿ ಇದ್ದಾಗ ಓಡ್ಯಾಡಿ ಚೀಲ ಹೊರತಿದ್ದ. ಕಾಯಂ ಮಾಡಿದೆ. ಈಗ ಚೀಲದ ಮ್ಯಾಲ ಮಕ್ಕೊಂಡಿರ್ತಾನ.”

“ಚೀಲದ ಮ್ಯಾಲ ಕುಂತಾವ ನಾನ್ರಿ, ಸಾವ್ಕಾರ್ರ,” ಎಂದ ಮೈಬೂಬ. “ಮಕ್ಕೊಂಡಿಲ್ಲ.”

“ನಿನಗಲ್ಲೋ ಮಾರಾಯಾ. ಅದೊಂದು ಉದಾಹರಣಿ.”

ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಸಿಟ್ಟು ಬಂದಾಗ ಅವರು ಹೀಗೆ ಮಾಡುತ್ತಾರೆಂದು ಮೂರು ತಲೆಮಾರಿನ ವಿದ್ಯಾರ್ಥಿಗಳಿಗೆ ಗೊತ್ತು.

“ಮಳಿಗಾಲದಾಗ ಇವ ಸೋತಾಗ ನೀವು ಏನಂದಿದ್ರಿ, ಮಡಿವಾಳಪ್ಪ?”

“ಸೋತಾವನ್ನ ಹೆಂಗ ಕಾಯಂ ಮಾಡೂದು ಅಂದಿದ್ದೆ.”

“ಈಗ ಏನಂತೀರಿ?”

“ಗೆದ್ದಾವನ್ನ ಯಾಕ ಕೆಡಸೂದು ಅಂತೇನಿ.”

ಎರಡು ಮಾತುಗಳ ನಡುವೆ ಏನಾದರೂ ತೊಡಕಿದೆ ಎಂಬ ಸಂಶಯ ಮಡಿವಾಳಪ್ಪನ ಮುಖದ ಮೇಲೆ ಹಾಯಲಿಲ್ಲ. ಅವನು ಒಳ್ಳೆಯ ಮನುಷ್ಯ. ಹುಡುಗರಿಗೆ ಬೂಟು ಕೊಡಿಸಿದವನು ಅವನೇ, ಹೊರಗಿನ ಪಂದ್ಯಕ್ಕೆ ಹೋದಾಗ ಊಟ ಹಾಕಿಸುವವನು ಅವನೇ. ಒಳ್ಳೆಯವರ ತರ್ಕದೋಷವನ್ನು ತಿದ್ದುವುದು ದುಷ್ಟರದನ್ನು ತಿದ್ದುವುದಕ್ಕಿಂತ ಕಠಿಣ ಎಂದು ಮಾಸ್ತರರು ಅಂದುಕೊಂಡರು.

“ಕಾಯದೇದ್ದೂ ಒಂದು ತೊಡಕೈತ್ರಿ, ಸರ,” ಎಂದ ಅರುಣಕುಮಾರ. “ಕೊಲ್ಲಾಪುರದವ ರಾಜೀನಾಮಿ ಕೊಟ್ಟಿಲ್ಲ. ಅವನ ಖುರ್ಚಿ ಖಾಲಿ ಅನ್ನಾಕ ಬರೂದಿಲ್ಲ.”

“ಆ ಖುರ್ಚಿ ಮ್ಯಾಲೆ ಯಾರಿದ್ದಾರ ನೋಡಿ ಹೇಳು, ಅರುಣ.”

“ಕಣ್ಣಿಗೆ ಖಾಲಿ ಐತ್ರಿ. ಕಾಯದೇದಾಗ ತುಂಬೇತಿ.”

ಮೈಬೂಬ ಎದ್ದು ನಿಂತ. “ನನಗ ಕಲಬುರಗಿ ಬಸ್ಸಿನ ಟೈಮ್ ಆತ್ರಿ, ಸರ. ನೀವು ಮಾತಾಡ್ಕೋರಿ.” ಚರ್ಮದ ಚೀಲವನ್ನು ಹೆಗಲಿಗೆ ಏರಿಸಿ ಹೊರಟು ಹೋದ. ಹೊಸ್ತಿಲಲ್ಲಿ ಒಮ್ಮೆ ಮಾಸ್ತರರತ್ತ ನೋಡಿದ. ಅಷ್ಟೇ.

ಆ ನೋಟದ ಅರ್ಥ ಮಾಸ್ತರರೊಬ್ಬರಿಗೇ ತಿಳಿದಿತ್ತು. ಎರಡು ದಿನಗಳ ಹಿಂದೆ ಮೈಬೂಬ ಅವರ ಮನೆಯ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಹೇಳಿದ್ದ. ಮುದ್ದೇಬಿಹಾಳದ ಸಂಘದವರು ಅವನನ್ನು ಕಾಯಂ ಕೋಚ್ ಆಗಿ ಬಾ ಎಂದು ಕರೆದಿದ್ದರು. ಮುದ್ದೇಬಿಹಾಳ ಡಿಪೋದ ಕಂಡಕ್ಟರೊಬ್ಬ ಸಿಂದಗಿಗೆ ಬರಲು ಸಿದ್ಧನಿದ್ದ. ಅದಲು ಬದಲು ಸುಲಭ. ಹೆಂಡತಿ ಶಮಾಳ ತವರು ಕೂಡ ಅಲ್ಲೇ. ಸೋಮವಾರ ಡಿಪೋದಲ್ಲಿ ಹೂಂ ಅಥವಾ ಉಹೂಂ ಹೇಳಬೇಕು. “ನನಗ ಸಿಂದಗಿ ಬಿಡೂ ಮನಸಿಲ್ರಿ,” ಎಂದಿದ್ದ ಮೈಬೂಬ. “ಈ ಹುಡುಗ್ರನ್ನ ಬಿಟ್ಟು ಹೋಗಾಕ ಆಗೂದಿಲ್ಲ. ಆದ್ರ ಎಷ್ಟು ದಿನ ಚೀಲದ ಮ್ಯಾಲ ಕುಂದರೂದು?” ಭಾನುವಾರದ ಇಂಡಿ ಪಂದ್ಯದೊಳಗೆ ಇತ್ಯರ್ಥ ಮಾಡುತ್ತೇನೆಂದು ಮಾಸ್ತರರು ಮಾತು ಕೊಟ್ಟಿದ್ದರು. ಕೊಟ್ಟ ಮಾತು ತಪ್ಪಿದ್ದು ಅವರಿಗೆ ನೆನಪಿಲ್ಲ.

ಆದರೆ ಅಧ್ಯಕ್ಷನಾದವನು ಒಬ್ಬನೇ ನಿರ್ಣಯ ಮಾಡುವಂತಿರಲಿಲ್ಲ. ಹಿಂದೊಮ್ಮೆ ಮತ ಹಾಕಿ, ಸಂಘ ಒಡೆದು ಎರಡಾಗಿ, ಗೋಲಿನ ಕಂಬಗಳನ್ನೂ ಹಂಚಿಕೊಂಡು, ಒಂದೊಂದೇ ಗೋಲಿನ ಎರಡು ಮೈದಾನಗಳಾಗಿದ್ದವು. ಅಂದಿನಿಂದ ಮತದ ಮಾತಿಲ್ಲ. ಮೂವರೂ ಹೂಂ ಅನ್ನಬೇಕು.

ಮಾಸ್ತರರು ಕರಿಹಲಗೆಯ ಮುಂದೆ ನಿಂತವರಂತೆ ಬೆರಳು ಮಡಚಿದರು.

“ಕೇಳ್ರಿ. ಒಂದು ಪಂದ್ಯಕ್ಕ ಮೂರ ಫಲ. ಗೆಲುವು, ಸೋಲು, ಡ್ರಾ. ಸೋತ್ರ ಕಾಯಂ ಇಲ್ಲ ಅಂತೀರಿ. ಗೆದ್ರ ಕಾಯಂ ಇಲ್ಲ ಅಂತೀರಿ. ಉಳದದ್ದು ಯಾವದು?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅರುಣಕುಮಾರ ಮಾಸ್ತರರ ಹಳೆಯ ವಿದ್ಯಾರ್ಥಿ. ಉತ್ತರ ಹೇಳುವ ಅಭ್ಯಾಸ ಇನ್ನೂ ಹೋಗಿರಲಿಲ್ಲ.

“ಡ್ರಾ, ಸರ.”

“ಹಂಗಾದ್ರ ಇಂಡಿಯೊಳಗ ಡ್ರಾ ಆದ್ರ ಕಾಯಂ. ಹೂಂ ಅನ್ರಿ.”

ಮಡಿವಾಳಪ್ಪ ಚೀಲಗಳು ಅಲುಗುವಂತೆ ನಕ್ಕ. “ಹೂಂ ಅನ್ರಿ! ಡ್ರಾ ಆದ್ರ ಕಾಯಂ! ಭಾರೀ ಮಾತಾತು.”

“ಹೂಂ,” ಎಂದ ಅರುಣಕುಮಾರನೂ, ನಗುತ್ತ.

ಮಾಸ್ತರರು ನಗಲಿಲ್ಲ. “ಮೂರೂ ಮಂದಿ ಹೂಂ ಅಂದಾತು. ಇನ್ನ ಯಾರೂ ಕೊಟ್ಟ ಮಾತಿನಿಂದ ಹೊಳ್ಳುವಂಗಿಲ್ಲ,” ಎಂದು ಕೊಡೆ ತೆಗೆದುಕೊಂಡು ಎದ್ದರು.

ಬಸ್ ನಿಲ್ದಾಣದ ತನಕ ಗೆದ್ದವರ ನಡಿಗೆ. ಅಲ್ಲಿಂದ ಮುಂದೆ ಒಂದೊಂದೇ ಹೆಜ್ಜೆ ಭಾರವಾಯಿತು. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳ ಲೀಗಿನಲ್ಲಿ ಬಾಗೇವಾಡಿಯವರು ಆಗಲೇ ಫೈನಲ್ ಸೇರಿದ್ದರು. ಉಳಿದ ಒಂದು ಜಾಗಕ್ಕೆ ಸಿಂದಗಿ ಅಥವಾ ಮುದ್ದೇಬಿಹಾಳ. ಭಾನುವಾರ ಇಂಡಿಯಲ್ಲಿ ಗೆದ್ದರೆ ಸಿಂದಗಿ. ಡ್ರಾ ಆದರೆ, ಸೋತಂತೆಯೇ, ಮುದ್ದೇಬಿಹಾಳ.

ಇದನ್ನು ಅವರು ಮೊದಲೇ ಅರಿಯದವರಲ್ಲ. ವಾದ ಗೆಲ್ಲುವ ಭರದಲ್ಲಿ ಲೆಕ್ಕದ ಕೊನೆಯ ಸಾಲನ್ನು ನೋಡಿರಲಿಲ್ಲ.

ಮನೆಯಲ್ಲಿ ಅಂಬುಬಾಯಿ ಚಹಾದ ಬಟ್ಟಲು ಮುಂದಿಟ್ಟು ಎಲ್ಲವನ್ನೂ ಕೇಳಿದರು. ಮದುವೆಯಾಗಿ ಬಂದಂದಿನಿಂದ ಗಂಡನ ಲೆಕ್ಕಗಳನ್ನು ಪರೀಕ್ಷಿಸುವ ಏಕೈಕ ವ್ಯಕ್ತಿ ಅವರು.

“ಡ್ರಾ ಆದ್ರ ಹುಡುಗ್ರಿಗೆ ಏನು ಸಿಗ್ತದ?”

“ಏನೂ ಇಲ್ಲ.”

“ಗೆದ್ರ?”

“ಫೈನಲ್ ಸಿಗ್ತದ. ಮೈಬೂಬ ಹೋಗ್ತಾನ.”

“ಭಾರೀ ಲೆಕ್ಕ ಮಾಡೀರಿ. ಸಾಲ್ಯಾಗ ಹುಡುಗ್ರು ಹಿಂಗ ಮಾಡಿದ್ರ ಬೆಂಚಿನ ಮ್ಯಾಲೆ ನಿಲ್ಲಸ್ತಿದ್ರಿ.”

“ಅವ ಮಡಿವಾಳಪ್ಪ ಒಂದು ಮಾತಿಗೂ ನಿಲ್ಲೂದಿಲ್ಲ. ಮತ್ತೇನು ಮಾಡ್ಲಿ?”

“ಮೈಬೂಬ ತಾನ ಬಾಯಿಬಿಟ್ಟು ಕೇಳ್ಯಾನೇನು, ಮೀಟಿಂಗ್‌ದಾಗ?”

“ಅವ ಯಾಕ ಕೇಳಬೇಕು? ಇವರಿಗೆ ಕಣ್ಣಿಲ್ಲೇನು?”

ಅಂಬುಬಾಯಿ ಬಟ್ಟಲನ್ನು ಗಂಡನತ್ತ ಸರಿಸಿದರು. “ನೀವೂ ಆ ಮಂಡಳಿಯವರ ಮುಂದ ಎಂದೂ ಕೇಳ್ಲಿಲ್ಲ. ಕಣ್ಣಿಲ್ಲೇನು, ಕಣ್ಣಿಲ್ಲೇನು ಅಂತ ಮನಿಯಾಗ ನನ್ನ ಮುಂದ ಅನಕೋತ ರಿಟೈರ್ ಆದ್ರಿ. ಚಹಾ ಆರ್ತದ, ಕುಡೀರಿ.”

ಮಾಸ್ತರರು ಕುಡಿದರು. ಸಕ್ಕರೆ ಕಡಿಮೆಯಿತ್ತು, ಹೇಳಲಿಲ್ಲ.

ಮರುದಿನ ಸಂಜೆ ಅವರು ಮೈದಾನಕ್ಕೆ ಹೋದರು. ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮೈಬೂಬನ ಗೆಲುವುಗಳಿಗೆ ಮರುಳಾಗಿ ಅವರು ಅವನ ಪಕ್ಷ ವಹಿಸಿದ್ದಲ್ಲ. ಬಾಗೇವಾಡಿಯ ಮೇಲಿನ ಗೆಲುವು ಬಾಗೇವಾಡಿಯವರೇ ತಮ್ಮ ಗೋಲಿಗೆ ಹೊಡೆದುಕೊಂಡದ್ದು. ಮುದ್ದೇಬಿಹಾಳದ ಮೇಲಿನದು ಅವರ ಗೋಲ್‌ಕೀಪರನ ಕಾಲು ಉಳುಕಿದ ದಿನ ಬಂದದ್ದು. ಕೆಲವು ಪಂದ್ಯಗಳ ಫಲದಿಂದ ಮನುಷ್ಯನ ಬೆಲೆ ಕಟ್ಟುವುದು, ಉತ್ತರವನ್ನಷ್ಟೇ ನೋಡಿ ಅಂಕ ಹಾಕುವ ಸೋಮಾರಿ ಮಾಸ್ತರನ ಕೆಲಸ. ಅವರು ನೋಡಿದ್ದು ಕ್ರಮ. ಕೊಲ್ಲಾಪುರದವನ ಕಾಲದಲ್ಲಿ ಹುಡುಗರು ಮನಸ್ಸಿಗೆ ಬಂದಾಗ ಬರುತ್ತಿದ್ದರು, ಚೆಂಡು ಎಲ್ಲಿದೆಯೋ ಅಲ್ಲಿಗೆ ಎಲ್ಲರೂ ಬೆಲ್ಲಕ್ಕೆ ನೊಣ ಮುತ್ತಿದಂತೆ ಓಡುತ್ತಿದ್ದರು. ಈಗ ಒಬ್ಬೊಬ್ಬನಿಗೂ ಒಂದೊಂದು ಜಾಗವಿತ್ತು. ಚೆಂಡು ದೂರವಿದ್ದಾಗಲೂ ಅವನು ಅಲ್ಲಿ ಇರುತ್ತಿದ್ದ.

ಇದನ್ನು ಮೈಬೂಬ ಸಾಧಿಸಿದ್ದು ಕಂಡಕ್ಟರನ ಸೀಟಿಯಿಂದ. ಬಸ್ಸಿನಲ್ಲಿ ಒಂದು ಸೀಟಿ ಊದಿದರೆ ಡ್ರೈವರ್ ನಿಲ್ಲಿಸುತ್ತಾನೆ, ಎರಡು ಊದಿದರೆ ಬಿಡುತ್ತಾನೆ. ಮೈಬೂಬ ಮೈದಾನದಲ್ಲಿಯೂ ಅದನ್ನೇ ಮಾಡಿದ. ಒಂದು ಸೀಟಿ ಹೊಡೆದರೆ ಹನ್ನೊಂದು ಮಂದಿಯೂ ಇದ್ದಲ್ಲೇ ನಿಲ್ಲಬೇಕು; ಅವನು ಹೋಗಿ ಯಾರು ಎಲ್ಲಿ ತಪ್ಪಿ ನಿಂತಿದ್ದಾರೆಂದು ಭುಜ ಹಿಡಿದು ಸರಿಸುತ್ತಿದ್ದ. ಎರಡು ಸೀಟಿಗೆ ಆಟ ಮುಂದುವರಿಯಬೇಕು. ಪಂದ್ಯದ ದಿನ ಸೀಟಿ ಹೊಡೆಯುವಂತಿಲ್ಲವಾದ್ದರಿಂದ ಬಾಯಿಯಿಂದಲೇ “ಹೋಲ್ಡಾನ್” ಮತ್ತು “ರೈಟ್ ರೈಟ್”.

“ಈ ಸೀಟಿ ಒಂದಿನ ನಮಗ ತಿರುಗಿ ಬೀಳ್ತದ,” ಎಂದು ಮಾಸ್ತರರು ಮೊದಲಿನಿಂದಲೂ ಹೇಳುತ್ತಿದ್ದರು. “ಮೈದಾನದಾಗ ಸೀಟಿ ರೆಫರಿಯದು.”

“ಅದರ ದನಿ ಬ್ಯಾರೆರಿ, ಸರ. ಹುಡುಗ್ರಿಗೆ ಗೊತ್ತಾಗ್ತೈತಿ.”

“ಬಸ್ಸಿನ ಸೀಟಿ?”

“ಮೈದಾನದಾಗ ಬಸ್ ಎಲ್ಲಿಂದ ಬರ್ತೈತ್ರಿ?”

ಇಂಥ ಮನುಷ್ಯನನ್ನು ಕಾಯಂ ಮಾಡಲು ತಾವು ಜೀವ ತೇಯುತ್ತಿದ್ದೇವೆ ಎಂಬ ವಿಚಾರ ಬಂದು ಮಾಸ್ತರರು ಕನ್ನಡಕ ಒರೆಸಿಕೊಂಡರು. ಡ್ರಾದ ಷರತ್ತನ್ನು ಅವನಿಗೆ ಹೇಳಬೇಕೆಂದು ಬಂದವರು ಹೇಳದೆ ಮರಳಿದರು. ಹೇಳಿದರೆ ಅವನು ಡ್ರಾಕ್ಕಾಗಿ ಆಡಿಸಿಯಾನೆಂಬ ಭಯ. ಹೇಳದಿದ್ದರೆ ಗೆದ್ದು ಊರು ಬಿಟ್ಟಾನೆಂಬ ಭಯ. ಎರಡೂ ಭಯಕ್ಕೆ ಕಾರಣ ತಾವೇ.

ಭಾನುವಾರ ಇಂಡಿಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಮೈದಾನದ ಒಂದು ಮಗ್ಗುಲಿಗೆ ಶಾಮಿಯಾನ, ಇನ್ನೊಂದು ಮಗ್ಗುಲಿಗೆ ಡಾಂಬರು ರಸ್ತೆ. ರಸ್ತೆಯ ಅಂಚಿಗೆ ಬೇವಿನ ಗಿಡ. ಅದರ ಕೆಳಗೆ ಬುಟ್ಟಿ, ಗಂಟು, ಮಕ್ಕಳೊಂದಿಗೆ ಜನ ಕುಳಿತಿದ್ದರು. ಅವರು ಪಂದ್ಯ ನೋಡಲು ಬಂದವರಲ್ಲ, ಬಸ್ಸಿಗೆ ಕಾದವರು ಎಂಬುದು ಮಾಸ್ತರರ ಗಮನಕ್ಕೆ ಬಂತು. ಅದರ ಪರಿಣಾಮ ಹೊಳೆಯಲಿಲ್ಲ. ಅವರ ಮನಸ್ಸು ಬೇರೆಡೆ ಇತ್ತು: ಗೆರೆಯ ಆಚೆ ಅರುಣಕುಮಾರ ಮೈಬೂಬನ ಹೆಗಲ ಮೇಲೆ ಕೈ ಹಾಕಿ, ನಗುತ್ತ ಏನೋ ಹೇಳುತ್ತಿದ್ದ. ಮೈಬೂಬ ನಗಲಿಲ್ಲ.

“ಏನು ಹೇಳಿದಿ ಅವನಿಗೆ?” ಎಂದರು ಮಾಸ್ತರರು, ಅರುಣಕುಮಾರ ಬಂದು ಪಕ್ಕದಲ್ಲಿ ಕೂತಾಗ.

“ಡ್ರಾದ ಮಾತು ಹೇಳಿದ್ನಿರಿ. ಸುಮ್ನ ನಗಾಕ, ಚಾಷ್ಟಿ.”

“ಚಾಷ್ಟಿ! ಅದು ಅವನ ಸಂಸಾರದ ಮಾತೋ, ಅರುಣ.”

“ಅಂದ್ರ?”

ಮಾಸ್ತರರು ಕೊಡೆಯ ತುದಿಯಿಂದ ಮೈದಾನ ತೋರಿಸಿದರು. ಪಂದ್ಯ ಆರಂಭವಾಗಿತ್ತು.

ಮೊದಲ ಅರ್ಧ ಕಳೆಯುವ ಮುನ್ನವೇ ಸಿಂದಗಿಯ ಸಿದ್ದಲಿಂಗ ಎಡಗಾಲಿನಿಂದ ಹೊಡೆದ ಚೆಂಡು ಇಂಡಿಯ ಗೋಲಿನ ಮೂಲೆ ಸೇರಿತು. ಮಡಿವಾಳಪ್ಪ ಲಿಂಬಿ ಶರಬತ್ತಿನ ಗ್ಲಾಸು ಹಿಡಿದುಕೊಂಡೇ ಕುಣಿದ; ಅರ್ಧ ಶರಬತ್ತು ಮಾಸ್ತರರ ಧೋತರದ ಮೇಲೆ ಬಿತ್ತು. “ನೋಡಿದ್ರೇನ್ರಿ ಸರ! ಇದಕ್ಕ ಅಂದಿದ್ದೆ, ಮುಟ್ಟಬ್ಯಾಡ್ರಿ ಅಂತ. ಪ್ರಭಾರಿ ಇದ್ದಾಗ ಹೆಂಗ ಓಡಸ್ತಾನ ನೋಡ್ರಿ!”

ಮಾಸ್ತರರು ಧೋತರ ಹಿಂಡಿಕೊಂಡರು. ಗೆಲುವು ಹತ್ತಿರ ಬಂದಷ್ಟೂ ಮೈಬೂಬ ಮುದ್ದೇಬಿಹಾಳಕ್ಕೆ ಹತ್ತಿರವಾಗುತ್ತಿದ್ದ. ತಮ್ಮದೇ ಸಂಘದ ಗೋಲಿಗೆ ಸಂತೋಷಪಡಲಾರದ ಸ್ಥಿತಿಗೆ ಒಬ್ಬ ಅಧ್ಯಕ್ಷ ತನ್ನನ್ನು ತಾನೇ ತಂದುಕೊಂಡದ್ದು ಈ ಲೀಗಿನಲ್ಲಿ ಇದೇ ಮೊದಲಿರಬೇಕು.

ಪಂದ್ಯ ಮುಗಿಯುವ ಹೊತ್ತಿಗೆ ಸಮೀಪಿಸಿದಾಗ ಅದು ನಡೆಯಿತು. ಇಂಡಿಯ ಹುಡುಗನೊಬ್ಬ ಚೆಂಡು ಹಿಡಿದು ಸಿಂದಗಿಯ ಗೋಲಿನತ್ತ ನುಗ್ಗುತ್ತಿದ್ದ. ಅವನೆದುರು ಸಿಂದಗಿಯ ನಾಲ್ವರು ತಂತಮ್ಮ ಜಾಗದಲ್ಲಿ, ಅಚ್ಚುಕಟ್ಟಾಗಿ ಇದ್ದರು. ಅಷ್ಟರಲ್ಲಿ ರಸ್ತೆಯ ಮೇಲೆ ವಿಜಯಪುರದ ಕಡೆಯಿಂದ ಬಸ್ಸೊಂದು ಬಂತು. ಬೇವಿನ ಗಿಡದ ಬಳಿ ಅದರ ಕಂಡಕ್ಟರ್ ಒಂದು ಸೀಟಿ ಹೊಡೆದ.

ಬಸ್ಸು ನಿಂತಿತು. ಸಿಂದಗಿಯ ಹನ್ನೊಂದು ಮಂದಿಯೂ ನಿಂತರು.

ಒಂದೇ ಕ್ಷಣ. ಆದರೆ ನಾಲ್ವರು ಬೇಲಿಯ ಗೂಟಗಳಂತೆ ನಿಂತಾಗ ಇಂಡಿಯ ಹುಡುಗ ಅವರ ನಡುವೆ ನಡೆದುಕೊಂಡೇ ಹೋಗಿ, ಕಲ್ಲಾಗಿ ನಿಂತ ಗೋಲ್‌ಕೀಪರ್ ಶಾನವಾಜನ ಮಗ್ಗುಲಿಗೆ ಚೆಂಡನ್ನು ಒಳಗೆ ತಳ್ಳಿದ. ತಾನು ಮಾಡಿದ್ದನ್ನು ನಂಬದೆ ಅವನು ರೆಫರಿಯತ್ತ ತಿರುಗಿ ನೋಡಿದ. ರೆಫರಿ ಖಾಲಿ ಕೈ ಎತ್ತಿ ತೋರಿಸಿ, ತಾನು ಊದಿಲ್ಲವೆಂದು ಸನ್ನೆ ಮಾಡಿ, ಗೋಲು ಕೊಟ್ಟ. ಗಿಡದ ಕೆಳಗಿನ ಜನ ಬಸ್ಸು ಹತ್ತಿದರು. ಕಂಡಕ್ಟರ್ ಎರಡು ಸೀಟಿ ಹೊಡೆದ. ಹನ್ನೊಂದು ಮಂದಿ ಓಡತೊಡಗಿದರು.

“ಬಸ್ಸಿಗೆ ನಿಂತ್ರಲ್ರಿ, ಸರ!” ಮಡಿವಾಳಪ್ಪ ತಲೆಯ ಮೇಲೆ ಕೈ ಇಟ್ಟುಕೊಂಡ. “ಬಸ್ಸಿಗೆ ನಿಂತ್ರು! ಟಿಕೀಟ್ ಒಂದು ತಗೊಳ್ಳೂದು ಬಾಕಿ!”

ಮಾಸ್ತರರಿಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಸಿಟ್ಟಿನ ಅಡಿಯಲ್ಲಿ ಬೇರೊಂದು ಹೊಳೆಯಿತು: ಒಂದು ಒಂದು. ಡ್ರಾ. ಉಳಿದದ್ದು ಕೆಲವೇ ನಿಮಿಷ. ಹೀಗೇ ಮುಗಿದರೆ ಮೈಬೂಬ ಕಾಯಂ. ಮೂವರೂ ಹೂಂ ಅಂದದ್ದು. ಯಾರೂ ಹೊಳ್ಳುವಂತಿಲ್ಲ. ಅವರು ಗೆರೆಯ ಬಳಿ ನಿಂತಿದ್ದ ಮೈಬೂಬನನ್ನು ನೋಡಿದರು. ಅವನಿಗೂ ಅದು ಗೊತ್ತಿತ್ತು. ಒಂದು ಸಲ ಶಾಮಿಯಾನದತ್ತ ತಿರುಗಿದ. ಒಂದು “ಹೋಲ್ಡಾನ್” ಸಾಕಿತ್ತು. ಹುಡುಗರು ಹಿಂದೆ ಸರಿದು, ಜಾಗ ಕಾಯ್ದುಕೊಂಡು, ಹೊತ್ತು ಕಳೆಯುತ್ತಿದ್ದರು. ಯಾರೂ ತಪ್ಪೆನ್ನುತ್ತಿರಲಿಲ್ಲ.

ಸಿಂದಗಿಗೆ ಕಾರ್ನರ್ ಸಿಕ್ಕಿತು. ಮೈಬೂಬ ಎರಡೂ ಕೈ ಎತ್ತಿದ.

“ರೈಟ್! ರೈಟ್ ರೈಟ್! ಶಾನವಾಜ, ನೀನೂ ಹೋಗೋ! ಎಲ್ಲಾರೂ ಹೋಗ್ರಿ!”

“ಬ್ಯಾಡೋ!” ಎಂಬ ಕೂಗು ಮಾಸ್ತರರ ಬಾಯಿಯಿಂದ ತಮಗೇ ತಿಳಿಯದೆ ಬಂತು.

ಶಾನವಾಜ ತನ್ನ ಗೋಲನ್ನು ಬಿಟ್ಟು ಮೈದಾನವಿಡೀ ದಾಟಿ ಓಡಿದ. ಚೆಂಡು ಮೇಲೆದ್ದು ಬಂತು, ಅವನ ತಲೆಗೆ ತಗುಲಿತು, ಕಂಬಕ್ಕೆ ಬಡಿಯಿತು. ಕಂಬದಿಂದ ಚಿಮ್ಮಿದ ಚೆಂಡು ಇಂಡಿಯವನೊಬ್ಬನ ಕಾಲಿಗೆ ಸಿಕ್ಕಿತು. ಅವನು ತಲೆಯೆತ್ತಿ ನೋಡಿದ, ಎದುರಿನ ಗೋಲಿನಲ್ಲಿ ಯಾರೂ ಇಲ್ಲ. ಬಲವಾಗಿ ಒದ್ದ. ಚೆಂಡು ನಡುಗೆರೆ ದಾಟಿ, ಎರಡು ಸಲ ನೆಲಕ್ಕೆ ಬಡಿದು, ಯಾವ ಅವಸರವೂ ಇಲ್ಲದೆ ಉರುಳುತ್ತ ಸಿಂದಗಿಯ ಖಾಲಿ ಗೋಲಿನೊಳಗೆ ಹೋಗಿ ವಿಶ್ರಮಿಸಿತು.

ರೆಫರಿ ಈಗ ನಿಜವಾಗಿಯೂ ಸೀಟಿ ಊದಿದ. ಪಂದ್ಯ ಮುಗಿಯಿತು.

ಮಾಸ್ತರರು ಕೊಡೆಯೂರುತ್ತ ನೇರವಾಗಿ ಮೈಬೂಬನ ಬಳಿಗೆ ಹೋದರು. “ಡ್ರಾ ಆದ್ರ ಕಾಯಂ ಅಂತ ಅರುಣ ಹೇಳಿದ್ದನಲ್ಲ?”

“ಹೇಳ್ಯಾರ್ರಿ.”

“ಡ್ರಾ ನಿನ್ನ ಕೈಯಾಗಿತ್ತು. ಯಾಕ ಬಿಟ್ಟಿ?”

“ಡ್ರಾ ಆದ್ರ ನಾ ಒಬ್ಬನ ಪಾಸ್ ಆಗ್ತಿದ್ನಿರಿ, ಸರ. ಇವರು ಹನ್ನೊಂದು ಮಂದೀನೂ ಫೇಲ್.” ಮೈಬೂಬ ಹುಡುಗರ ಕಡೆ ಕೈ ತೋರಿಸಿದ. ಅವರು ಮಣ್ಣಿನಲ್ಲಿ ಬಿದ್ದುಕೊಂಡಿದ್ದರು. “ಮಳಿಗಾಲದಿಂದ ಓಡ್ಯಾರ. ನನ್ನ ಖುರ್ಚಿ ಸಲುವಾಗಿ ಇವರಿಗೆ ಹೋಲ್ಡಾನ್ ಅನ್ಲೇನ್ರಿ?”

ಮಾಸ್ತರರು ತಿರುಗಿದರು. ಹಿಂದೆ ಉಪಾಧ್ಯಕ್ಷ, ಕಾರ್ಯದರ್ಶಿ ಇಬ್ಬರೂ ಬಂದು ನಿಂತಿದ್ದರು.

“ಷರತ್ತು ಬಿದ್ದು ಹೋತ್ರಿ, ಸರ,” ಎಂದ ಅರುಣಕುಮಾರ ಮೆಲ್ಲಗೆ. “ಡ್ರಾ ಆಗ್ಲಿಲ್ಲ. ಮುಂದಿನ ಮೀಟಿಂಗ್‌ದಾಗ ಇಡೋಣ್ರಿ.”

“ಮುಂದಿನ ಮೀಟಿಂಗ್ ಇಲ್ಲ. ನಾಳೆ ಇವ ಡಿಪೋದಾಗ ಹೂಂ ಅಂದು ಮುದ್ದೇಬಿಹಾಳಕ್ಕ ಹೋಗ್ತಾನ, ಕಾಯಂ ಕೋಚ್ ಆಗಿ. ಇವನ ಮನಿಯಾಗ ಗಂಟು ಕಟ್ಟಿ ಇಟ್ಟಾರ.” ಮಾಸ್ತರರು ಕನ್ನಡಕ ಒರೆಸಲಿಲ್ಲ; ಒರೆಸುವ ಹಂತ ದಾಟಿತ್ತು. “ಅರುಣ, ಎಸ್ಸೆಸ್ಸೆಲ್ಸಿಯ ಪೂರ್ವಭಾವಿ ಪರೀಕ್ಷಾದಾಗ ನಿನ್ನ ಒಂದು ಉತ್ತರಾನೂ ಸರಿ ಇದ್ದಿದ್ದಿಲ್ಲ. ನೆನಪದ ಏನು?”

ಅರುಣಕುಮಾರ ಸುತ್ತಲೂ ನೋಡಿದ. “ಅದು ಈಗ್ಯಾಕ್ರಿ, ಸರ?”

“ಹ್ಯಾಂಗ ಪಾಸ್ ಆದಿ?”

“ಕ್ರಮಕ್ಕ ಅಂಕಾ ಕೊಟ್ಟಿದ್ರಿ.”

“ಇವನಿಗೂ ಅಷ್ಟ ಕೊಡು. ಅವ ಮಾಡಿದ್ದು ಸರಿ ಇತ್ತು. ಚೆಂಡು ಕಂಬಕ್ಕ ಬಡದದ್ದು ಅವನ ತಪ್ಪಲ್ಲ. ಹೂಂ ಅಂತೀಯೋ ಇಲ್ಲೋ?”

ವಕೀಲ ಕೊರಳು ಸರಿಮಾಡಿಕೊಂಡ. “ಕೊಲ್ಲಾಪುರದವನ ರಾಜೀನಾಮಿ...”

“ಅರುಣ.”

“ಹೂಂ ರಿ, ಸರ.”

ಉಳಿದವನು ಮಡಿವಾಳಪ್ಪ. ಮಾಸ್ತರರು ಅವನಿಗಾಗಿ ಇನ್ನೊಂದು ವಾದವನ್ನು, ಇನ್ನೂ ಬಿಗಿಯಾದುದನ್ನು, ಮನಸ್ಸಿನಲ್ಲಿ ಹೆಣೆಯುತ್ತಿದ್ದರು. ಮಡಿವಾಳಪ್ಪ ಅದಕ್ಕೆ ಅವಕಾಶ ಕೊಡಲಿಲ್ಲ.

“ಮಾಡ್ರಿ ಮಾಡ್ರಿ, ಕಾಯಂ ಮಾಡ್ರಿ,” ಎಂದ, ಹಣೆಯ ಬೆವರೊರೆಸಿಕೊಳ್ಳುತ್ತ. “ನಾ ಹೆದರಿದ್ದು ಯಾಕ? ಕಾಯಂ ಮಾಡಿದ್ರ ಸೋಲ್ತೇವಿ ಅಂತ. ಈಗ ಸೋತ ಬಿಟ್ಟೇವಿ. ಇನ್ನ ಕೆಡಾಕ ಏನ್ ಉಳದೈತ್ರಿ? ಕುದುರಿ ತಾನ ನಿಂತೈತಿ, ಈಗ ಬಡೀರಿ ಲಾಳ.”

ಮಾಸ್ತರರು ಬಾಯಿ ತೆರೆದರು. ಇದು ಹೂಂ. ಬೇಕಾದ ಉತ್ತರ. ಆದರೆ ಅದಕ್ಕೆ ತಲುಪಿದ ದಾರಿಯಲ್ಲಿ ಒಂದು ಸಾಲೂ ನೆಟ್ಟಗಿರಲಿಲ್ಲ. ಇಂಥ ಉತ್ತರಗಳಿಗೆ ಅವರು ಜೀವಮಾನವಿಡೀ ಸೊನ್ನೆ ಹಾಕಿದ್ದರು. ಕೆಂಪು ಮಸಿಯಲ್ಲಿ ಅಡ್ಡಗೆರೆ ಎಳೆದಿದ್ದರು. ತಿದ್ದಬೇಕೆಂಬ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡರು. ಬಹಳ ಕಹಿಯಿತ್ತು.

“ಹೂಂ,” ಎಂದರು. “ಮೂರೂ ಹೂಂ ಆದ್ವು. ಮೈಬೂಬ, ನೀ ಕಾಯಂ.”

ಮೈಬೂಬ ಟೋಪಿ ತೆಗೆದು ತಲೆ ಕೆರೆದುಕೊಂಡ. “ಮನಿಯಾಗ ಒಂದು ಮಾತು ಕೇಳಿ ಹೇಳ್ತೇನ್ರಿ, ಸರ.”

“ಏನು?”

“ಒಂದೆರಡು ದಿನ...”

“ಫೋನ್ ಹಚ್ಚು,” ಎಂದರು ಮಾಸ್ತರರು. ಅವರ ದನಿಗೆ ಮಣ್ಣಿನಲ್ಲಿ ಬಿದ್ದಿದ್ದ ಹುಡುಗರು ಎದ್ದು ಕುಳಿತರು. “ಈಗ, ನನ್ನ ಮುಂದ ಹಚ್ಚು!”

ಮೈಬೂಬ ಹಚ್ಚಿದ. ಆ ಕಡೆಯಿಂದ ಶಮಾಳ ದನಿ ಎತ್ತರವಾಗಿ ಕೇಳಿತು. ಅವನು ಫೋನನ್ನು ಮಾಸ್ತರರ ಕೈಗೆ ಕೊಟ್ಟುಬಿಟ್ಟ.

“ಸರ ಏನ್ರಿ? ನಮಸ್ಕಾರ್ರಿ, ಸರ. ಇವರು ಮನಿಯಾಗ ಒಂದ್ ಮಾತೂ ಬಿಡಿಸಿ ಹೇಳೂದಿಲ್ರಿ. ಹೋಗೂದು ಅಂತಾರ, ನೋಡೂಣು ಅಂತಾರ. ಗಂಟು ಕಟ್ಟಿ ವಾರಾತು. ದಿನಾ ಅದರಾಗಿಂದ ಒಂದೊಂದು ಪಾತೇಲಿ ತಗದು ಅಡಿಗಿ ಮಾಡಿ, ತೊಳದು ಮತ್ತ ಗಂಟಿನಾಗ ಇಡಾಕತ್ತೇನಿ. ನೀವರ ಹೇಳ್ರಿ, ಈ ಗಂಟು ಬಿಚ್ಚಲೋ, ಬ್ಯಾಡೋ?”

ಇಷ್ಟು ದಿನಗಳಲ್ಲಿ ಈ ವಿಷಯದ ಬಗ್ಗೆ ಯಾರಾದರೂ ನೆಟ್ಟಗೆ ಕೇಳಿದ ಪ್ರಶ್ನೆ ಇದೊಂದೇ. ಮಾಸ್ತರರ ದನಿ ಇಳಿಯಿತು.

“ಬಿಚ್ಚು, ತಂಗಿ. ಎಲ್ಲಾ ಬಿಚ್ಚಿ ಇಡು. ಇವನ್ನ ಕಾಯಂ ಮಾಡೀವಿ, ಎಲ್ಲಿಗೂ ಹೋಗೂದಿಲ್ಲ.”

“ಆತ್ರಿ,” ಎಂದಳು ಶಮಾ. “ಇವತ್ತ ಗೆದ್ರೇನ್ರಿ?”

“ಸೋತ್ವಿ.”

“ಸೋತ ಮ್ಯಾಲ ಕಾಯಂ ಮಾಡಿದ್ರಾ?” ಆ ಕಡೆ ಪಾತೇಲಿಯೊಂದು ಖಣಲ್ ಎಂದಿತು. “ಮತ್ತ ಗೆದ್ದಾಗ ಯಾಕ ಮಾಡ್ಲಿಲ್ರಿ?”

ಮಾಸ್ತರರು ಫೋನನ್ನು ಮಡಿವಾಳಪ್ಪನ ಕೈಗೆ ಕೊಟ್ಟು, “ಇದಕ್ಕ ನೀವ ಉತ್ತರ ಹೇಳ್ರಿ,” ಎಂದು ರಸ್ತೆಯತ್ತ ನಡೆದರು.

ಸಿಂದಗಿಯ ಬಸ್ಸು ಬರುವ ಹೊತ್ತಾಗಿತ್ತು. ಬೇವಿನ ಗಿಡದ ಕೆಳಗೆ ಈಗ ಸೋತ ತಂಡ ನಿಂತಿತು. ಮಡಿವಾಳಪ್ಪ ಇನ್ನೂ ಫೋನಿನಲ್ಲಿ ಕುದುರೆ, ಲಾಳ ಎಂದು ವಿವರಿಸುತ್ತಿದ್ದ. ಬಸ್ಸು ಬಂತು. ಹುಡುಗರು ಚೀಲಗಳನ್ನು ಎತ್ತಿಕೊಂಡು ಒತ್ತೊತ್ತಾಗಿ ಬಾಗಿಲಿಗೆ ನುಗ್ಗಿದರು. ಅಷ್ಟರಲ್ಲಿ ಹಿಂದಿನಿಂದ ಮುದುಕಿಯೊಬ್ಬಳು ಕೂಗಿಕೊಂಡು ಓಡಿ ಬರುವುದನ್ನು ಕಂಡು ಕಂಡಕ್ಟರ್, ಡ್ರೈವರ್ ಬಿಡದಿರಲೆಂದು ಒಂದು ಸೀಟಿ ಹೊಡೆದ.

ಹನ್ನೊಂದು ಮಂದಿಯೂ ನಿಂತರು. ಒಬ್ಬನ ಕಾಲು ಮೆಟ್ಟಿಲ ಮೇಲೆ, ಒಬ್ಬನದು ಗಾಳಿಯಲ್ಲಿ. ಶಾನವಾಜ ಬಾಗಿಲ ಸರಳು ಹಿಡಿದವನು ಹಿಡಿದಂತೆಯೇ ಇದ್ದ. ಮುದುಕಿ ಅವರನ್ನು ಒಬ್ಬೊಬ್ಬರನ್ನೇ ಸರಿಸಿಕೊಂಡು, “ಏನಾಗೇತಿ ಈ ಹುಡುಗ್ರಿಗೆ?” ಎನ್ನುತ್ತ ಮೊದಲು ಹತ್ತಿ ಕುಳಿತಳು.

ಮಾಸ್ತರರು ಮೈಬೂಬನತ್ತ ತಿರುಗಿದರು. “ಕಾಯಂ ಕೋಚ್‌ಗೆ ಅಧ್ಯಕ್ಷನ ಮೊದಲನೇ ಅಪ್ಪಣಿ. ನಾಳಿಂದ ಈ ಸೀಟಿ ಬಂದ್.”

ಮೈಬೂಬ ವಿನಯದಿಂದ ಕೈ ಜೋಡಿಸಿದ. ಅವನ ಮೀಸೆಯ ಕೆಳಗೆ ಏನೋ ಅಲುಗಿತು.

“ಮುಂದಿನ ಮೀಟಿಂಗ್‌ದಾಗ ಇಡೋಣ್ರಿ, ಸರ,” ಎಂದ.